ಎಡಗಡೆಯ ಹೆಜ್ಜೆ

ಮಾದಪ್ಪನ ಬೆಟ್ಟಕ್ಕೆ ಹೋಗಲು ಕೊಳ್ಳೇಗಾಲದ ನಿಲ್ದಾಣದಲ್ಲಿ ಬಸ್ಸು ಕಾಯುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಇಬ್ಬರು ಗೆಳೆಯರು ಕೂತಿದ್ದರು. ಒಬ್ಬನ ಅಂಗಿಗೆ ರೇಷ್ಮೆ ಎಳೆಗಳು ಅಂಟಿದ್ದವು. ತೊಡೆಯ ಮೇಲೆ ದೊಡ್ಡ ಹೆಡ್‌ಫೋನಿತ್ತು. ಅವನ ಎಡಕ್ಕಿದ್ದವನು ಮೊಬೈಲಿನಲ್ಲಿ ಕೊಳ್ಳುವ ಸಾಮಾನು ನೋಡುತ್ತಿದ್ದ.

“ಶಾಂತರಾಜು, ನಿನ್ ಎಡ್‌ಫೋನ್‌ಗೆ ಈ ಚಿಕ್ಕ ಸೌಂಡ್ ಕಾರ್ಡೇ ಸಾಕು ಕಣ್ಲಾ.”

“ಏನಂದೆ?”

“ಚಿಕ್ಕದೇ ಸಾಕು ಅಂದೆ, ಕಿವುಡ!”

“ಸಾಲ್ದು ಪ್ರಸಾದ. ಸದ್ದು ಜಾಸ್ತಿ ಮಾಡೋ ಆಂಪ್ಲಿಫೈಯರೇ ಬೇಕು. ಗೇಮಲ್ಲಿ ಎಡಗಡೆಯಿಂದ ಬರೋನ ಎಜ್ಜೆನೇ ಕೇಳಕಿಲ್ಲ. ದಿನಾ ಸಾಯ್ತೀನಿ, ಟೀಮ್‌ನೋರು ಉಗೀತಾರೆ.”

“ಎಡ್‌ಫೋನೇ ಕೆಟ್ಟದೆ ಬುಡು.”

“ಇದು ಒಸದು ಕಣ್ಲಾ. ಅಳೇದ್ರಲ್ಲೂ ಇಂಗೇ.”

“ಕೊಡಿಲ್ಲಿ.” ಪ್ರಸಾದ ಅದನ್ನು ತನ್ನ ಮೊಬೈಲಿಗೆ ಸಿಕ್ಕಿಸಿ ಕೇಳಿದ. “ಮಾದಪ್ಪನ ಪದ ಆಕಿವ್ನಿ. ಎರಡು ಕಡೆನೂ ಕಂಸಾಳೆ ಚೆನ್ನಾಗೇ ಕೇಳ್ತದಲ್ಲ!”

ಶಾಂತರಾಜು ಹಾಕಿಕೊಂಡ. “ನಂಗೆ ಬಲಗಿವಿಗೆ ಮಾತ್ರ.”

“ತಿರುಗಿಸಿ ಆಕ್ಕೊ. ಎಡದ್ದು ಬಲಕ್ಕೆ ಬರ್ಲಿ. ಈಗ?”

“ಈಗ್ಲೂ ಬಲಗಿವಿಗೇ.”

ಪ್ರಸಾದ ಅವನ ಅಂಗಿಗೆ ಅಂಟಿದ್ದ ರೇಷ್ಮೆ ಎಳೆಯೊಂದನ್ನು ಬಿಡಿಸಿದ.

“ದಿನಾ ದಡದಡ ಅನ್ನೋ ಆ ಪವರ್‌ಲೂಮ್ ಮಗ್ಗ ನಿಂಗೆ ಯಾವ ಕಡೆಗದೆ?”

“ಎಡಕ್ಕೆ.”

“ಆಸ್ಪತ್ರೇಲಿ ತೋರ್ಸು ಕಣ್ಲಾ.”

“ತೋರ್ಸುದ್ರೆ ಮಗ್ಗ ಬುಡು ಅಂತಾರೆ. ಬುಟ್ಟು ಏನ್ ಮಾಡ್ಲಿ? ನೀನು ಆಂಪ್ಲಿಫೈಯರ್ ನೋಡು.”

“ನೋಡ್ತೀನಿ.” ಪ್ರಸಾದ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಅವರು ಕಾಯುತ್ತಿದ್ದ ಹನೂರಿನ ಬಸ್ಸು ಬಂತು. ಶಾಂತರಾಜು ಹೆಡ್‌ಫೋನನ್ನು ಜೋಪಾನವಾಗಿ ಚೀಲಕ್ಕಿಟ್ಟ. ಪ್ರಸಾದ ಎಡದಿಂದ ಎದ್ದು, ಅವನನ್ನು ಸುತ್ತಿ ಬಲಗಿವಿಯ ಕಡೆಗೆ ಬಂದು, ಏನೋ ಮಾತಾಡುತ್ತ ಜೊತೆಗೆ ನಡೆದ.