ಎರಡನೆಯ ಗೆರೆ

ಅಧ್ಯಕ್ಷರೇ, ಕಾದಂಬರಿಯ ಲೇಖಕಿಯವರೇ, ಪ್ರಕಾಶಕರೇ, ನಮ್ಮ ಓದುಗರ ಗ್ರೂಪಿನಲ್ಲಿ ವರ್ಷವಿಡೀ ಹೆಬ್ಬೆರಳಷ್ಟೇ ತೋರಿಸಿ, ಇವತ್ತು ಮೊದಲ ಸಲ ಮುಖ ತೋರಿಸುತ್ತಿರುವ ಸಭಿಕರೇ,

ನಾನು ಟೈಪ್ ಮಾಡಿದರೆ ತುಂಬಾ ಮಾತಾಡುತ್ತೇನೆ. ಬಾಯಲ್ಲಿ ಮಾತಾಡಿ ಅಭ್ಯಾಸ ಕಡಿಮೆ. ಇಲ್ಲಿ ತಪ್ಪಿದರೆ ಅಳಿಸುವ ಬಟನ್ ಕೂಡ ಇಲ್ಲ. ಸಹಿಸಿಕೊಳ್ಳಿ.

ಇಷ್ಟು ದಿನ ಫೋನಿನಲ್ಲಿ ಮಾತ್ರ ಸಿಗುತ್ತಿದ್ದ ಈ ಕಾದಂಬರಿ ಇವತ್ತು ಅಚ್ಚಾಗಿ ಬಂದಿದೆ. ಈ ತಿಂಗಳು ಮುಗಿದರೆ ಇ-ಪುಸ್ತಕ ನಿಲ್ಲುತ್ತದೆ. ಮೊದಲು ಓದಿ, ಎಲ್ಲರ ತಲೆ ತಿಂದವಳು ನಾನು ಎಂಬ ಕಾರಣಕ್ಕೆ ಪ್ರಕಾಶಕರು ಫೋನ್ ಮಾಡಿ, "ಅಚ್ಚಿನ ಪುಸ್ತಕ ಯಾಕೆ ಮೇಲು ಅಂತ ನಾಲ್ಕು ಮಾತಾಡಿ ಮೇಡಂ" ಎಂದರು. ಮೇಡಂ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಖುಷಿಯಲ್ಲಿ ಒಪ್ಪಿಕೊಂಡುಬಿಟ್ಟೆ.

ಅಚ್ಚಿನ ಪುಸ್ತಕ ಮೇಲೇ. ಚಾರ್ಜ್ ಬೇಡ, ಕೆಳಗೆ ಬಿದ್ದರೆ ಒಡೆಯುವುದಿಲ್ಲ, ವಾಸನೆ ಇದೆ. ಇದೆಲ್ಲ ನಿಮಗೆ ಗೊತ್ತು. ಹಾಗಾದರೆ ನಾನ್ಯಾಕೆ ಮೊನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ?

ನನ್ನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೇನೆ. ಗಿರಾಕಿಗಳು ಬರುವುದು ಮುಂಬಾಗಿಲಿಗೆ, ನನಗೆ ಬರುವುದು ಅವರ ಚೀಟಿ. ಈ ಊರಿನಲ್ಲಿ ಎಷ್ಟೋ ಜನರ ಮೂಗಿನ ಅಗಲ ನನಗೆ ಗೊತ್ತು, ಒಬ್ಬರ ಮುಖವೂ ಗೊತ್ತಿಲ್ಲ. ನಗಬೇಡಿ, ಮುಂದಿನ ಸಾಲಿನಲ್ಲಿ ಕೂತಿರುವ ಎರಡು ಫ್ರೇಮುಗಳನ್ನು ನಾನು ಗುರುತಿಸಿದ್ದೇನೆ. ಉಜ್ಜುವ ಮೆಷಿನ್ನಿನ ಸದ್ದಿಗೆ ಅಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಯಾರೂ ಮಾತಾಡುವುದೂ ಇಲ್ಲ.

ಊಟದ ಹೊತ್ತಿನಲ್ಲಿ ಈ ಕಾದಂಬರಿ ತೆರೆದೆ. ಲಿಫ್ಟ್ ನಡೆಸುವ ಹೆಂಗಸಿನ ಕಥೆ. "ಎಲ್ಲರೂ ಅವಳಿಗೆ ಮಹಡಿ ಹೇಳಿದರು, ಹೆಸರು ಹೇಳಲಿಲ್ಲ." ಆ ಸಾಲಿನ ಕೆಳಗೆ ಬೆರಳಿನಿಂದ ಗೆರೆ ಎಳೆದೆ. ಯಾವ ಸಾಲಿಗೆ ಎಷ್ಟು ಓದುಗರು ಗೆರೆ ಎಳೆದಿದ್ದಾರೆ ಎಂದು ಆ ಆ್ಯಪ್ ತೋರಿಸುತ್ತದೆ. ಅಲ್ಲಿ ಒಂದು ಎಂದಿತ್ತು. ನಾನೇ. ಮರುದಿನ ನೋಡುತ್ತೇನೆ, ಎರಡು!

ಇನ್ನೊಂದು ಸಾಲಿಗೆ ಎಳೆದೆ. ಬೆಳಗಾದರೆ ಎರಡು. ಪರೀಕ್ಷಿಸೋಣ ಎಂದು, ಯಾರೂ ಗೆರೆ ಎಳೆಯದಂಥ ಸಾಲು ಹುಡುಕಿದೆ. "ಬಕೆಟ್ಟು ತುಂಬಿತು." ಲೇಖಕಿಯವರು ಕ್ಷಮಿಸಬೇಕು, ಅಂಥ ದೊಡ್ಡ ಸಾಲೇನಲ್ಲ ಅದು. ಬೆಳಿಗ್ಗೆ ಅದಕ್ಕೂ ಎರಡು! ಮೆಷಿನ್ನಿನ ಮುಂದೆ ಕೂತು ಒಬ್ಬಳೇ ನಕ್ಕೆ. ಯಜಮಾನರು ಇಣುಕಿ, "ಏನಮ್ಮಾ, ಲಾಟರಿ ಹೊಡೀತಾ?" ಎಂದರು. ಹೌದು ಸಾರ್ ಎಂದೆ.

ಆಮೇಲೆ ಅದೇ ನನ್ನ ದಿನಚರಿಯಾಯಿತು. ಬೇಜಾರಾದ ದಿನ ಬೇಜಾರಿನ ಸಾಲಿಗೆ ಗೆರೆ. ಜ್ವರ ಬಂದಾಗ, "ಅವಳು ಏಳಲಿಲ್ಲ" ಎಂಬ ಸಾಲಿಗೆ. ಬೆಳಿಗ್ಗೆ ಎರಡು ಎಂದು ನೋಡಿ ಎದ್ದು ಗಂಜಿ ಮಾಡಿಕೊಂಡೆ. ಅಕ್ಕನಿಗೆ ಹೇಳಿದರೆ, "ಏನೇ, ನೀನು ಪುಸ್ತಕ ಓದ್ತೀಯೋ, ಪುಸ್ತಕಕ್ಕೆ ಮೆಸೇಜ್ ಕಳಿಸ್ತೀಯೋ?" ಎಂದು ರೇಗಿಸಿದಳು.

ಈಗ ಹೇಳಿ ಸಭಿಕರೇ. ಇ-ಪುಸ್ತಕ ನಿಂತರೆ ಆ ಇನ್ನೊಬ್ಬರನ್ನು ನಾನು ಎಲ್ಲಿ ಹುಡುಕಲಿ?

ಕಳೆದ ವಾರ ಅಕ್ಕನ ಹತ್ತಿರ ಇದನ್ನೇ ಹೇಳಿ ಸ್ವಲ್ಪ ಅತ್ತೆ. ಸ್ವಲ್ಪವೇ. ಅವಳು ಹೇಳಿದಳು: "ಲೇ ಪೆದ್ದಿ, ನಿನ್ನ ಹಳೇ ಫೋನು ನನ್ ಮಗು ಹತ್ರ ಇದೆಯಲ್ಲ, ಅದರಲ್ಲೂ ಆ ಪುಸ್ತಕ ಇದೆ ಕಣೇ. ನೀನು ಅಲ್ಲಿ ಗೆರೆ ಎಳೆದ್ರೆ ಇಲ್ಲೂ ಮೂಡತ್ತೆ. ಅದನ್ನೇ ಆ ಆ್ಯಪ್ ಇನ್ನೊಬ್ಬರು ಅಂತ ಎಣಿಸ್ತಿದೆಯೋ ಏನೋ. ಈ ಫೋನಿಂದ ಪುಸ್ತಕ ಅಳಿಸ್ಲಾ? ಆಮೇಲೂ ಎರಡು ಬರತ್ತೋ ಇಲ್ವೋ ಗೊತ್ತಾಗೋಗತ್ತೆ."

"ಬೇಡ ಅಕ್ಕಾ," ಎಂದೆ. "ಇರ್ಲಿ ಬಿಡು, ಮಗು ಚಿತ್ರ ನೋಡ್ತಿರತ್ತೆ."

ಆ ಪುಸ್ತಕದಲ್ಲಿ ಒಂದೂ ಚಿತ್ರ ಇಲ್ಲ ಎಂಬುದು ಲೇಖಕಿಯವರಿಗೆ ಗೊತ್ತು. ಅಕ್ಕನಿಗೂ ಗೊತ್ತಾಗಿರಬೇಕು. ಅವಳು ಮತ್ತೆ ಕೇಳಲಿಲ್ಲ.

ಈ ವಿಷಯ ಹೇಳಬೇಕು ಎಂದುಕೊಂಡಿರಲಿಲ್ಲ. ಆಗಲೇ ಹೇಳಿದೆನಲ್ಲ, ಅಳಿಸುವ ಬಟನ್ ಇಲ್ಲ.

ಪ್ರಕಾಶಕರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಅಚ್ಚಿನ ಪುಸ್ತಕ ಯಾಕೆ ಮೇಲು ಎಂದು ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಬರುವಾಗ ಬಸ್ಸಿನಲ್ಲಿ ಉತ್ತರ ಸಿಕ್ಕಿತು. ಬಾಗಿಲ ಹತ್ತಿರ ಚಹಾದ ಮೇಜಿನ ಮೇಲೆ ನನ್ನ ಪ್ರತಿ ಇಟ್ಟಿದ್ದೇನೆ, ಪಕ್ಕದಲ್ಲಿ ಪೆನ್ಸಿಲ್ ಇದೆ. ಬಕೆಟ್ಟಿನ ಪುಟ ತೆರೆದಿದೆ, ನನ್ನ ಗೆರೆ ಎಳೆದಾಗಿದೆ. ಚಹಾ ಬೇಕಾದವರು ಅದನ್ನು ದಾಟಿಯೇ ಹೋಗಬೇಕು, ಬೇಕೆಂದೇ ಅಲ್ಲಿಟ್ಟೆ. ಆ ಇನ್ನೊಬ್ಬರು ಈ ಸಭೆಯಲ್ಲಿದ್ದರೆ, ನನ್ನ ಗೆರೆಯ ಕೆಳಗೆ ಒಂದು ಗೆರೆ ಎಳೆಯಿರಿ. ಹೆಸರು ಬೇಡ, ಪರಿಚಯ ಹೇಳಿಕೊಳ್ಳುವುದೂ ಬೇಡ. ಎಲ್ಲರೂ ಹೋಗುವವರೆಗೆ ನಾನು ವೇದಿಕೆಯ ಮೇಲೆ ಕುರ್ಚಿ ಮಡಚುತ್ತಿರುತ್ತೇನೆ, ಆ ಕಡೆ ತಿರುಗಿ ನೋಡುವುದಿಲ್ಲ.

ಆಮೇಲೆ ಬಂದು ಪುಸ್ತಕ ತೆಗೆದುಕೊಳ್ಳುತ್ತೇನೆ. ಎರಡನೆಯ ಗೆರೆ ಇಲ್ಲದಿದ್ದರೆ ಅಕ್ಕನಿಗೆ ಫೋನ್ ಮಾಡಿ, ಅಳಿಸು ಎನ್ನುತ್ತೇನೆ. ಇದ್ದರೆ, ಅದು ಯಾವ ಫೋನೂ ಎಳೆದದ್ದಲ್ಲ, ಒಂದು ಕೈ ಎಳೆದದ್ದು.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಚಹಾ ಬಿಸಿಯಾಗಿದೆ, ಪೆನ್ಸಿಲ್ ಚೂಪಾಗಿದೆ.

ನಮಸ್ಕಾರ.