ಹೂ ಬೀಳೋ ತನಕ

ಅಲ್ಲ, ಆ ಫೋನ್ ಜರಾ ಕೆಳಗಿಡು ರೇಖಾ. ಮುಂಜಾನಿಂದ ನಾಕು ಮಂದಿನ್ನ ಕೇಳಿದಿ, ಹೋಗ್ಲೋ ಬ್ಯಾಡೋ ಅಂತ. ಚಂದ್ರಂಪಳ್ಳಿ ಸಾಲಿ ದೂರ ಅದ, ಗುತ್ತಿಗಿ ನೌಕರಿ, ವರ್ಷ ಆದ ಮ್ಯಾಲ ತಗದ್ರ ಹೆಂಗ, ಇದಕ್ಕ ಹ್ಞೂಂ ಅಂದ ಮ್ಯಾಲ ಚಲೋದು ಬಂದ್ರ ಹೆಂಗ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ವು. ನನಗೊಬ್ಬಾಕಿಗೆ ಮಾತ್ರ ಕೇಳಲಿಲ್ಲ ನೀ. ಮುದುಕಿಗೇನು ಗೊತ್ತು ಅಂತ, ಹೌದಲ್ಲ? ಗೊತ್ತದವ್ವ. ಈ ಹೋಗ್ಲೋ ಬ್ಯಾಡೋ ಅನ್ನೋದು ನನಗ ಗೊತ್ತಿದ್ದಷ್ಟು ಈ ಮನ್ಯಾಗ ಯಾರಿಗೂ ಗೊತ್ತಿಲ್ಲ. ಕುಂದ್ರು ಇಲ್ಲೆ.

ನನಗ ಆಗ ಹತ್ತೊಂಬತ್ತು, ಅಲ್ಲಲ್ಲ, ಇಪ್ಪತ್ತು ಇರಬೇಕು. ನಿಜಾಮನ ರಾಜ್ಯ ಹೋಗಿ ಎರಡು ಮೂರು ವರ್ಷ ಆಗಿತ್ತು. ಸೇಡಮಕ್ಕ ಕೊಟ್ಟಿದ್ರು ನನ್ನ. ಲಗ್ನಾಗಿ ಎಂಟು ತಿಂಗಳಿಗೆ ಗಂಡ ವಾಂತಿಭೇದಿ ಹತ್ತಿ ಹೋದ. ಹೊಳ್ಳಿ ತೆಂಗಳಿಗೆ ಬಂದೆ, ಅಪ್ಪನ ಮನಿಗೆ. ಅಪ್ಪಂದು ಸಣ್ಣ ಕಿರಾಣಿ ಅಂಗಡಿ. ದಿನಾ ಲಿಂಗಪೂಜಿ ಮಾಡದ ಹೊರತು ಬಾಯಾಗ ನೀರು ಹಾಕ್ತಿದ್ದಿಲ್ಲ. ನನಗ ಸಾಲ್ಯಾಗ ಕಲಿಸಿದ್ದು ಉರ್ದು, ಐದನೇ ಇಯತ್ತೆ ತನಕ; ಕನ್ನಡ ಅಕ್ಷರ ಮಾತ್ರ ಅಪ್ಪನೇ ಅಂಗಡಿ ಕಟ್ಟಿಮ್ಯಾಲ ಕುಂದ್ರಿಸಿಕೊಂಡು ತಿದ್ದಿಸಿದ್ದ. "ನೀಲಾ, ನೀ ಮಾಸ್ತರಬಾಯಿ ಆಗಾಕಿ. ಸೇಡಮದಾಗ ಹೆಣ್ಮಕ್ಕಳ ಸಾಲಿ ತೆರೀತಾರಂತ, ಕಚೇರ್ಯಾಗಿನ ನಮ್ಮ ಬೀಗ ಹೇಳ್ಯಾನ" ಅಂತಿದ್ದ. ಆ ಬೀಗ ಗುಮಾಸ್ತ ಇದ್ದ. ಅವ ಮುಂದಿನ ತಿಂಗಳ ಅಂತ ಹೇಳ್ತಿದ್ದ, ಅಪ್ಪ ಅದನ್ನ ತಂದು ನನ್ನ ಮುಂದ ಇಡ್ತಿದ್ದ. ಹಂಗ ಎಷ್ಟು ಮುಂದಿನ ತಿಂಗಳ ಹೋದವೋ.

ಅಷ್ಟರಾಗ ಚಿತ್ತಾಪುರ ದವಾಖಾನಿಗೆ ಒಬ್ಬಾಕಿ ಡಾಕ್ಟರಬಾಯಿ ಬಂದ್ರು. ಓದು ಬರಹ ಬರೋ ಹೆಣ್ಮಕ್ಕಳು ಇದ್ರ ಕಳಸ್ರಿ, ಗುಲಬರ್ಗಾದಾಗ ಹೆರಿಗಿ ಮಾಡಿಸೋದು ಕಲಿಸ್ತೀವಿ, ಊಟ ವಸ್ತಿ ಸರ್ಕಾರದ್ದು, ಆಮ್ಯಾಲ ನೌಕರಿ ಅಂತ ಹಳ್ಳಿ ಹಳ್ಳಿಗೆ ಹೇಳಿಕಳಿಸಿದ್ರು. ಅವ್ವ ಬಂಡಿ ಕಟ್ಟಿಸಿ ನನ್ನ ಕರಕೊಂಡು ಹೋದ್ಲು. ಅಪ್ಪಗ ಜಾತ್ರಿಗೆ ಬೇಕಾದ ಸೀರಿ ತರ್ತೀವಂತ ಸುಳ್ಳು ಹೇಳಿ! ಡಾಕ್ಟರಬಾಯಿ ಉರ್ದು ಕಾಗದ ಕೊಟ್ಟು ಓದಿಸಿದ್ರು, ಓದಿದೆ. "ಶಾಬಾಸ್! ಸೋಮವಾರ ಮುಂಜಾನಿ ಸ್ಟೇಷನ್ನಿಗೆ ಬಾ. ವಾಡ್ಯಾಗ ಗಾಡಿ ಬದಲಿ ಮಾಡಿ ಗುಲಬರ್ಗಾಕ್ಕ ಹೋಗೋದು. ಬರ್ತೀಯಲ್ಲ?" ಅಂದ್ರು. ನಾ ಏನಂದೆ ಹೇಳು? "ಮನ್ಯಾಗ ಕೇಳಿ ಹೇಳ್ತೀನ್ರಿ." ಆ ಮಾತೇ ನನ್ನ ಹಾಳು ಮಾಡಿತು ನೋಡು. ನನ್ನ ಹಿಂದ ಕಾಗಿಣಾ ಹೊಳಿ ದಂಡಿ ಅಂಬಿಗರ ಹುಡುಗಿ ನಿಂತಿದ್ಲು, ತಿಪ್ಪವ್ವ ಅಂತ. ಹರಕು ಕುಬಸ, ಅಕ್ಷರ ಕೂಡಿಸಿ ಓದಲಿಕ್ಕೂ ಬರ್ತಿದ್ದಿಲ್ಲ. ಡಾಕ್ಟರಬಾಯಿ ಕೇಳೋದು ಮುಗಿಯೋಕಿಂತ ಮೊದಲೇ "ಹ್ಞೂಂ ಬರ್ತೀನ್ರಿ ಯವ್ವಾ, ಇವತ್ತೇ ಬಾ ಅಂದ್ರ ಇವತ್ತೇ ಬರ್ತೀನಿ" ಅಂದ್ಲು. ನಾ ಮನಸಿನ್ಯಾಗೇ ನಕ್ಕೆ. ಎಷ್ಟು ಹಸದಾಳ ಇಕಿ, ಅಂತ.

ಮನ್ಯಾಗ ಅಪ್ಪ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು, ಸಿಟ್ಟಿನ್ಯಾಗರ ಹೋಗ್ತಿದ್ದೆ. "ದೇವರನ್ನ ಕೇಳೋಣ" ಅಂದ. ನಮ್ಮ ಕಡಿ ಹೂ ಕೇಳೋದು ಅಂತ ಇತ್ತು, ನೀವು ನೋಡಿಲ್ಲ. ವೀರಭದ್ರ ದೇವರ ಎದಿಮ್ಯಾಲ ಎಡಕ್ಕೊಂದು ಬಲಕ್ಕೊಂದು ಕಣಗಿಲ ಹೂ ನೀರಾಗ ತೋಯಿಸಿ ಅಂಟಸ್ತಾರ. ಬಲಗಡಿದು ಮೊದಲ ಬಿದ್ರ ಮಾಡು, ಎಡಗಡಿದು ಬಿದ್ರ ಬ್ಯಾಡ. ಭಾನುವಾರ ಊಟ ಆದ ಮ್ಯಾಲ ಕುಂತ್ವಿ. ಬಂಡಿ ಗುಡಿ ಮುಂದೇ ಕಟ್ಟಿ ನಿಲ್ಲಿಸಿದ್ವಿ, ಬಲಕ್ಕ ಬಿತ್ತಂದ್ರ ಹಂಗೇ ಚಿತ್ತಾಪುರಕ್ಕ ಹೊಂಡೋದು, ಅಲ್ಲೇ ವಸ್ತಿ. ಪೂಜಾರಿ ಹೂ ಹಚ್ಚಿದ. ಕುಂತ್ವಿ. ಎರಡೂ ಬೀಳವಲ್ಲವು! ಎಡದ್ದೂ ಇಲ್ಲ, ಬಲದ್ದೂ ಇಲ್ಲ. ಅವ್ವ ಕೈ ಮುಗದು ಕುಂತಾಳ, ಅಪ್ಪ ಕಣ್ಣು ಮಿಟಕಸದ ನೋಡ್ತಾನ. ಪೂಜಾರಿ ಅಂತಾನ, "ದೇವರು ವಿಚಾರ ಮಾಡ್ಲಿಕತ್ತಾನ್ರಿ, ಗಡಬಡ ಮಾಡಬ್ಯಾಡ್ರಿ." ಹೊತ್ತು ಇಳೀತು. ಬಂಡಿಯವ ಬಂದು ಕೇಳಿದ, "ಏನ್ರಿ, ಎತ್ತು ಬಿಚ್ಲೇನು?" ಅಪ್ಪ ನನ್ನ ಮಾರಿ ನೋಡಿದ. ಖರೇ ಹೇಳ್ತೀನಿ, ಅಪ್ಪ ನನ್ನ ಮಾರಿ ನೋಡಿದ. ನಾ ಆಗ "ಬಿಚ್ಚಬ್ಯಾಡ, ಹೋಗ್ತೀನಿ" ಅಂದಿದ್ರ ಕಳಸ್ತಿದ್ದನೋ ಏನೋ. ನಾ ತಲಿ ಕೆಳಗ ಹಾಕಿದೆ. ಎತ್ತು ಬಿಚ್ಚಿದ್ರು. ಮರುದಿನ ನೋಡಿದ್ರ ಎರಡೂ ಹೂ ಬಿದ್ದು ಪಾದದ ನೀರಾಗ ತೇಲ್ಲಿಕತ್ತಿದ್ವು, ಯಾವುದು ಮೊದಲ ಬಿತ್ತು ಅಂತ ಯಾರು ಹೇಳಬೇಕು? ಗಾಡಿ ಅಂತೂ ಹೋಗಿತ್ತು. ಮತ್ತ ಇದು ಬರಕೊಂಡು ಇಟ್ಟುಕೋ ರೇಖಾ, ನನಗ ಆವತ್ತು ದುಃಖ ಆಗಲಿಲ್ಲ. ಹಗುರಾತು. ಮಂದಿ ರಗತ ಮುಟ್ಟೋದು ತಪ್ಪಿತು, ತಪ್ಪಾದ್ರ ನನ್ನ ಮ್ಯಾಲ ಬರಂಗಿಲ್ಲ, ಮಾಸ್ತರಬಾಯಿ ನೌಕರಿ ಹೆಂಗೂ ಬರ್ತದ ಅಂತ ಸಮಾಧಾನಲೇ ಉಂಡು ಮಲಗಿದೆ.

ಬರಲಿಲ್ಲ. ಸಾಲಿ ತೆರೀತು, ನೌಕರಿ ಯಾರದೋ ಸೊಸಿಗೆ ಹೋತು. ಅದಾಗಿ ಒಂದು ವರ್ಷಕ್ಕ ನನ್ನ ತಂಗಿ ಶಾಂತಾ ಚೊಚ್ಚಲ ಬಾಣಂತನಕ್ಕ ತವರಿಗೆ ಬಂದ್ಲು. ಹದಿನೇಳು ವರ್ಷದಾಕಿ, ನಕ್ರ ಮನಿ ತುಂಬ ಕೇಳ್ತಿತ್ತು. ಜೋಳದ ಸುಗ್ಗಿ, ಓಣ್ಯಾಗ ಯಾರೂ ಇದ್ದಿಲ್ಲ, ಎಲ್ಲಾ ಹೊಲಕ್ಕ ಹೋಗಿದ್ರು. ಸೂಲಗಿತ್ತಿ ಮುದುಕಿ ಕಾಳಗಿಗೆ ಮಗಳ ಮನಿಗೆ ಹೋಗಿದ್ಲು, ಅಪ್ಪ ಅಂಗಡಿ ಸಾಮಾನು ತರಲಿಕ್ಕ ಚಿತ್ತಾಪುರಕ್ಕ ಹೋಗಿದ್ದ. ಮಟಮಟ ಮಧ್ಯಾಹ್ನ ಬ್ಯಾನಿ ಸುರು ಆದ್ವು. ಅವ್ವ, ನಾನು, ಇಬ್ಬರೇ. ಕೂಸು ಬಂತು, ಗಂಡು, ಅತ್ತಿತು. ಅವ್ವ ನಕ್ಕಳು. ಆಮ್ಯಾಲ ರಗತ ಹರೀಲಿಕ್ಕ ಹತ್ತಿತು ನೋಡು, ನಿಲ್ಲಲೇ ಇಲ್ಲ. ಹಳೀ ಸೀರಿ ಒಂದೊಂದೇ ಒತ್ತಿದ್ವಿ. "ಅಕ್ಕಾ, ಏನರ ಮಾಡು. ಅಕ್ಕಾ, ಕಣ್ಣು ಕತ್ತಲಿ ಬರ್ತಾವು" ಅಂದ್ಲು. ನಾ ಏನು ಮಾಡ್ಲಿ? ಐದು ಇಯತ್ತೆ ಉರ್ದು ಓದಿದಾಕಿ, ಬಿಸಿನೀರಿನ ತಂಬಿಗಿ ಹಿಡಕೊಂಡು ಗೋಡಿಗೆ ಆತು ನಿಂತಿದ್ದೆ. ಹೊಲಕ್ಕ ಹೋದವರು ಹೊಳ್ಳಿ ಬರೋದ್ರಾಗ ಮುಗದಿತ್ತು. ಆ ಕೂಸೇ ನಿಮ್ಮಪ್ಪ, ರೇಖಾ. ನಾ ನಿಮ್ಮಪ್ಪನ ದೊಡ್ಡವ್ವ ಅಂತ ನಿನಗ ಗೊತ್ತದ, ಹಡದವ್ವ ಹೆಂಗ ಹೋದ್ಲು ಅಂತ ಇವತ್ತಿನ ತನಕ ನಾ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ.

ಅವರಪ್ಪ ಇನ್ನೊಂದು ಲಗ್ನಾದ, ಕೂಸು ನಮ್ಮಲ್ಲೇ ಉಳೀತು. ಆಡಿನ ಹಾಲು ಕುಡಿಸಿ ಬದುಕಿಸಿದ್ವಿ. ಅದು ಅಂಬೆಗಾಲು ಇಡೋ ಹೊತ್ತಿಗೆ ನಾ ಒಬ್ಬಾಕೇ ಎದ್ದು ಶಹಾಬಾದಕ್ಕ ಹೋದೆ, ಆ ಡಾಕ್ಟರಬಾಯಿ ಅಲ್ಲಿನ ದವಾಖಾನಿಗೆ ಬಂದಾರಂತ ಕೇಳಿ. ಗುರುತು ಹಿಡದ್ರು. "ಕಲಿಸೋದು ಮುಗೀತಲ್ಲ ನೀಲಮ್ಮ, ಈಗ ಆಯಾ ಕೆಲಸ ಒಂದೇ ಖಾಲಿ ಅದ. ನೆಲ ತೊಳೀಬೇಕು, ಬಾಣಂತೇರ ಬಟ್ಟಿ ಒಗೀಬೇಕು. ನಿಮ್ಮಂಥವರು ಮಾಡಂಗಿಲ್ಲ ಬಿಡು" ಅಂದ್ರು. "ಮಾಡ್ತೀನ್ರಿ" ಅಂದೆ. ಯಾವ ಹೂನೂ ಕೇಳಲಿಲ್ಲ. ಊರಿಗೆ ಹೊಳ್ಳಿ ಬಂದು ಹೇಳಿದಾಗ ಅಪ್ಪ ಅಂಗಡಿ ಬಾಗಲದಾಗೇ ತಡದ, "ಆ ಸೂತಕ ಮುಟ್ಟಿದ ಕೈಲೇ ನನ್ನ ಮನಿ ಹೊಸ್ತಿಲ ದಾಟಬ್ಯಾಡ!" ಅಂತ. ನಾನಂದೆ, "ಲಿಂಗ ಕಟ್ಟಿದವರಿಗೆ ಸೂತಕಿಲ್ಲಂತ ದಿನಾ ನಮಗ ಹೇಳಿದಾಂವ ಯಾರಪ್ಪಾ?" ಅಪ್ಪ ಬಾಗಲ ಬಿಟ್ಟು ತಕ್ಕಡಿ ಮುಂದ ಹೋಗಿ ಕುಂತ. ಸಾಯೋತನಕ ನನ್ನ ಪಗಾರದ ಜೋಳದ ರೊಟ್ಟಿ ತಿಂದ, ನಾ ಬಡಿಸಿದ್ದು ಮಾತ್ರ ತಿನ್ನಲಿಲ್ಲ. ಅವ್ವ ಬಡಿಸಬೇಕು. ಇದಕ್ಕೇನಂತಿ?

ಆ ಕೆಲಸ ಚಲೋ ಇತ್ತಂತ ನಾ ಅನ್ನಂಗಿಲ್ಲ. ಫಿನಾಯಿಲ್ದಾಗ ಕೈ ಬಿರೀತಿದ್ವು. ಕಂಪೌಂಡರ "ಏ ಆಯಾ" ಅಂತಿದ್ದ, ಹೆಸರು ಇಲ್ಲದಂಗ. ಅಲ್ಲೇ ನರ್ಸ ಯಾರಿದ್ಲು ಹೇಳು? ತಿಪ್ಪವ್ವ. ಬಿಳಿ ಸೀರಿ, ಕಾಲಾಗ ಚಪ್ಪಲಿ. ಗುಲಬರ್ಗಾದಾಗ ಅಕ್ಷರನೂ ಕಲಿತು ಬಂದಿದ್ಲು. ನನ್ನ ಜಾಗಕ್ಕ ಹೋದಾಕಿ. ಅಕಿ ನಡದ ನೆಲ ನಾ ಒರಸಬೇಕು. ನಾ ಹೋಗಿ ವಾರ ಆಗಿರಬೇಕು, ಕಲ್ಲಿನ ಗಣ್ಯಾಗ ಕೆಲಸ ಮಾಡೋಳೊಬ್ಬಾಕಿ ಹಡದ್ಲು, ರಗತ ಹರೀಲಿಕ್ಕ ಹತ್ತಿತು. ಅದೇ ರಗತ, ಅದೇ ಕಣ್ಣು ಕತ್ತಲಿ ಮಾತು. ನನ್ನ ಕೈಯಾಗಿನ ಬಕೀಟು ಬಿತ್ತು. ತಿಪ್ಪವ್ವ ಓಡಿ ಬಂದು ಅಕಿ ಹೊಕ್ಕಳದ ಕೆಳಗ ಕೈ ಇಟ್ಲು, ರೊಟ್ಟಿ ಹಿಟ್ಟು ನಾದಿದಂಗ ನಾದಿದ್ಲು, ಗಟ್ಟಿಯಾಗಿ, ಬಿಡದ. ಒಂದು ಸೂಜಿ ಹಾಕಿದ್ಲು, ಮತ್ತ ನಾದಿದ್ಲು. ನಿಂತಿತು. ನಾ ಕೇಳಿದೆ, "ಇಷ್ಟೇ ಏನು?" ತಿಪ್ಪವ್ವ ಬೆವರು ಒರಸಿಕೊಂಡು ಅಂದ್ಲು, "ಇಷ್ಟೇ ಅಕ್ಕಾ. ಒಮ್ಮೊಮ್ಮೆ ಸೂಜಿನೂ ಬೇಕಾಗಂಗಿಲ್ಲ."

ಇಷ್ಟೇ! ನಾ ದಿನಾ ಹಿಟ್ಟು ನಾದಾಕಿ. ಆವತ್ತೂ ಮುಂಜಾನಿ ಶಾಂತಾಗ ನಾನೇ ನಾದಿ ರೊಟ್ಟಿ ಬಡಿದು ಕೊಟ್ಟಿದ್ದೆ. ನಾ ಕಲಿತು ಬಂದಿದ್ರ ಉಳೀತಿದ್ಲೋ ಇಲ್ಲೋ, ಅದನ್ನ ಯಾರೂ ಹೇಳಂಗಿಲ್ಲ. ಹಿಂಭಾಗದ ಕಲ್ಲಿನ ಮ್ಯಾಲ ಕುಂತು ನನ್ನ ಕಪಾಳಕ್ಕ ನಾನೇ ಹೊಡಕೊಂಡೆ. ಆಮ್ಯಾಲ ಕೈಯಾರೆ ಎಷ್ಟು ಕೂಸು ಹಿಡದೀನಿ, ತಿಪ್ಪವ್ವನೇ ಕಲಿಸಿದ್ಲು. ಮಂದಿ ಕೈ ಮುಗೀತಾರ, ನನಗ ಒಳಗ ಉರೀತದ, ಇವತ್ತಿಗೂ.

ಹಾಂ, ನಿನ್ನ ಫೋನ್ ಮತ್ತ ಹೊಡಕೊಳ್ಳಲಿಕತ್ತದ ನೋಡು, ಇನ್ನೊಬ್ಬ ಪೂಜಾರಿ ಇರಬೇಕು. ಬಿಡದನ್ನ. ತಪ್ಪು ನೌಕರಿ ಹಿಡದ್ರ ಕೈ ಬಿರೀತಾವ, ಎಣ್ಣಿ ಹಚ್ಚಿದ್ರ ಹೋಗ್ತದ. ಹೂ ಬೀಳಲಿಲ್ಲಂದ್ರ ದೇವರು ಬ್ಯಾಡ ಅಂದಂಗಲ್ಲವ್ವ, ಪೂಜಾರಿ ನೀರು ಜಾಸ್ತಿ ಹಚ್ಯಾನ ಅಂತ ಅರ್ಥ. ಏಳು, ಅರಿಬಿ ಗಂಟು ಕಟ್ಟು.