ಅಟ್ಟದ ಮೇಲಿನ ಪಡ್ಡಿನ ಹಂಚು

ಒಂದೂರಲ್ಲಿ ಒಬ್ಬ... ಶ್ರೀಮಂತ ಇದ್ದ ಅಂತೀನಿ ಅಂದ್ಕೊಂಡ್ರಾ? ಇಲ್ಲ. ಶ್ರೀಮಂತನ ಕಥೆ ನಿನ್ನೆಗೆ ಮುಗೀತು. ಇವತ್ತು ನೀರು ಬಿಡೋನ ಕಥೆ.

ಊರಿನ ಬೀದಿಬೀದಿಗೆ ನಲ್ಲಿ ನೀರು ಬಿಡೋದು ಅವನ ಕೆಲಸ. ಬೆಳಗ್ಗೆ ಐದಕ್ಕೆ ವಾಲ್ವ್ ತಿರುಗಿಸೋ ಉದ್ದನೆ ಕಬ್ಬಿಣದ ಕೀಲಿ ಹೆಗಲಿಗೆ ಹಾಕ್ಕೊಂಡು ಹೊರಟ ಅಂದ್ರೆ, ಮಳೆ ಇರಲಿ, ಜ್ವರ ಇರಲಿ, ನೀರು ಬಂತು ಅಂತಲೇ ಲೆಕ್ಕ. ತನ್ನ ಬೀದಿಗೆ ಕೊನೆಗೆ ಬಿಡ್ತಿದ್ದ. ಮನೇಲೂ ಹಾಗೇ ನೋಡಿ, ಕೊನೆಗೆ ಕೂತು ಉಣ್ತಿದ್ದ. ಹಾಕಿದ್ದು ಉಂಡು, "ಚೆನ್ನಾಗೈತಿ" ಅಂದು ಎದ್ದುಬಿಡ್ತಿದ್ದ. ಉಪ್ಪು ಹಾಕೋದು ಮರೆತ ದಿನಾನೂ ಚೆನ್ನಾಗೇ ಇರ್ತಿತ್ತು!

ಒಂದಿನ ಊರಿಗೆಲ್ಲ ನೀರು ಬಿಟ್ಟು, ಮನೆಗೆ ಬಂದು, ಕೀಲಿ ಮೂಲೆಗಿಟ್ಟು, ಕಟ್ಟೆ ಮೇಲೆ ಕೂತ. ಕೂತವನು ಮತ್ತೆ ಏಳಲಿಲ್ಲ.

ಹತ್ತನೇ ದಿನ. ಮರುದಿನ ಎಡೆ ಇಡಬೇಕು. ಎಡೆಗೆ ಏನು ಇಡ್ತೀವಿ? ಹೋದವರಿಗೆ ಇಷ್ಟ ಆಗಿದ್ದನ್ನ. ಓಣಿಯ ಹಿರಿಯಜ್ಜಿ ಕೇಳಿದಳು, "ಏನಿಷ್ಟ ಇತ್ತವ್ವಾ ನಿನ್ನ ಗಂಡಗೆ? ಹೇಳು, ಈಗಲೇ ನೆನೆ ಹಾಕಾಣ."

ಹೆಂಡತಿ ಮಕ್ಕಳ ಕಡೆ ತಿರುಗಿದಳು.

ಮಗ ಅಂದ, "ಶಾವಿಗೆ ಪಾಯಸ."

"ಅದು ನಿಂಗಿಷ್ಟ ಕಣೋ," ಅಂದಳು ಮಗಳು.

"ಹಂಗಾದ್ರೆ ಎಣ್ಣೆಗಾಯಿ?"

"ಅದು ಅಮ್ಮಂಗೆ."

ಕೊನೆಗೆ ಹೆಂಡತಿ ಅಂದಳು, "ಅವರಿಗೆ ಏನೂ ಬೇಕಿರಲಿಲ್ಲ. ದೇವರಂಥ ಮನುಷ್ಯ."

ನೋಡಿ, ನೋಡಿ! ಎಷ್ಟು ಸುಲಭವಾಗಿ ದೇವರು ಮಾಡಿಬಿಟ್ಟೆವು! ಏನೂ ಬೇಕು ಅನ್ನಲಿಲ್ಲ ಅನ್ನೋದು ಬೇರೆ, ಏನೂ ಬೇಕಿರಲಿಲ್ಲ ಅನ್ನೋದು ಬೇರೆ. ಅವನಿಗೂ ಒಂದು ನಾಲಿಗೆ ಇರಲಿಲ್ವೇ? ಅದಕ್ಕೂ ರುಚಿ ಇರಲಿಲ್ವೇ?

ಬಾಗಿಲ ಹತ್ತಿರ ಒಬ್ಬಳು ಕೂತಿದ್ದಳು. ಕೊನೇ ವಾಲ್ವ್ ಪಕ್ಕ ಪಡ್ಡು ಮಾರೋಳು, ಮಾತಾಡಿಸಿ ಹೋಗೋಣ ಅಂತ ಬಂದಿದ್ದಳು. "ಯಕ್ಕಾ, ಬೇಜಾರ್ ಮಾಡ್ಕೋಬ್ಯಾಡ್ರಿ," ಅಂದಳು. "ಅಣ್ಣಾರಿಗೆ ಪಡ್ಡು ಅಂದ್ರ ಜೀವ. ದಿನಾ ನಾಕು ಪಡ್ಡು, ಕೆಂಪು ಚಟ್ನಿ. ಕಣ್ಣು ಮುಚ್ಕೊಂಡು ತಿಂತಿದ್ರು."

ಹೆಂಡತಿಗೆ ಮೈ ಉರೀತು. ಉರಿಯೋದೇ ಅಲ್ವೇ? "ಮೂವತ್ತೊಂದು ವರ್ಷ ಉಣ್ಣಿಸಿದೋಳು ನಾನು! ನೀನ್ಯಾರು ಹೇಳಾಕೆ?"

ಅಂದಳು. ಅಂದವಳು ಹಾಗೇ ನಿಂತುಬಿಟ್ಟಳು. ಅವಳ ಕಣ್ಣು ಅಟ್ಟದ ಕಡೆ ಹೋಯ್ತು.

ಅಟ್ಟದ ಮೇಲೆ ಏನಿತ್ತು? ಒಂದು ಪಡ್ಡಿನ ಹಂಚು. ಮದುವೆಯಾದ ವರ್ಷ ಅವನೇ ತಂದಿದ್ದ. "ಇಷ್ಟು ಭಾರದ್ದು ಯಾರು ಎತ್ತಿ ಇಳಿಸೋರು? ಒಂದೊಂದೇ ತಿರುವಿ ಹಾಕ್ತಾ ಯಾರು ಕೂತಿರೋರು?" ಅಂತ ಅವಳೇ ಬೈದಿದ್ದಳು. ಅವನು "ಆತು ಬಿಡು" ಅಂದು ತಾನೇ ಅಟ್ಟದ ಮೇಲಿಟ್ಟಿದ್ದ. ಮತ್ತೊಮ್ಮೆ ಅದರ ಹೆಸರು ಎತ್ತಿರಲಿಲ್ಲ.

ಅವತ್ತು ಮಗನ ಕೈಲಿ ಹಂಚು ಇಳಿಸಿದಳು. ತುಕ್ಕು ಉಜ್ಜಿ ತೊಳೆದಳು. ಅಕ್ಕಿ, ಉದ್ದು, ಮೆಂತ್ಯ ನೆನೆ ಹಾಕಿ ರುಬ್ಬಿಟ್ಟಳು. ಮರುದಿನ ಹಿಟ್ಟು ಚೆನ್ನಾಗಿ ಉಬ್ಬಿತ್ತು, ಎಣ್ಣೆಯೂ ಧಾರಾಳ ಹಾಕಿದಳು. ಆದ್ರೆ ತಾಯಂದಿರೇ, ಹೇಳಿ ನೋಡೋಣ, ಪಳಗದ ಹಂಚಲ್ಲಿ ಪಡ್ಡು ಏಳುತ್ತಾ? ಒಂದೂ ಏಳಲಿಲ್ಲ. ಅಂಟಿತು, ಹರೀತು, ತಳ ಹೊತ್ತಿತು. ಪಡ್ಡು ಮಾರೋಳು "ನಮ್ಮನೀಂದ ತಂದ್ಕೊಡ್ತೀನಿ ಯಕ್ಕಾ" ಅಂದ್ರೆ ಬೇಡ ಅಂದಳು. ಸೌಟಲ್ಲಿ ಕೆರೆದು ತೆಗೆದ ಆ ಚೂರುಗಳನ್ನೇ ಎಲೆ ಮೇಲಿಟ್ಟು, ಪಕ್ಕಕ್ಕೆ ಕೆಂಪು ಚಟ್ನಿ ಹಾಕಿ, ನೆಲಕ್ಕೆ ಕೂತು ಬಿಕ್ಕಿಬಿಕ್ಕಿ ಅತ್ತಳು.

ಹಂಚು ಪಳಗಿಸೋಕೆ ಅವಳಿಗೆ ಮೂವತ್ತೊಂದು ವರ್ಷ ಇತ್ತು.

ಅವಳು ಕೆಟ್ಟ ಹೆಂಗಸಲ್ಲ. ನಿಮ್ಮ ಹಾಗೆ, ನನ್ನ ಹಾಗೆ. ಸುಮ್ಮನಿರೋರನ್ನ ನಾವು ಕೇಳೋದೇ ಇಲ್ಲ. ದಿನಾ ಬರೋ ನೀರನ್ನ ಯಾರು ಬಿಟ್ರು ಅಂತ ಕೇಳ್ತೀವಾ? ನಿಮ್ಮನೇಲೂ ಅಂಥವರು ಒಬ್ಬರು ಇದ್ದಾರೆ. ಯಾರು ಅಂತ ಈಗಾಗಲೇ ನಿಮಗೆ ಹೊಳೆದಿದೆ.

ಹೀಗೆ ಮಾಡಿ. ಇವತ್ತು ಮನೆಗೆ ಹೋಗಿ ಅವರನ್ನ ಮೊದಲು ಕೂರಿಸಿ ಬಡಿಸಿ. ಏನಿಷ್ಟ ಅಂತ ಕೇಳಿ. "ಏನಾದ್ರೂ ಸರಿ" ಅಂತಾರೆ, ಬಿಡಬೇಡಿ. ಕೈ ಯಾವ ಪಾತ್ರೆ ಕಡೆ ಎರಡನೇ ಸಲ ಹೋಗುತ್ತೆ ನೋಡಿ, ನಾಳೆ ಅದನ್ನೇ ಮಾಡಿ. ಗಂಡು ಮಕ್ಕಳೇ, ಆಕಳಿಸಬೇಡಿ, ಒಲೆ ನಿಮ್ಮನ್ನೇನೂ ಕಚ್ಚಲ್ಲ. ಇನ್ನು ಹಿಂದಿನ ಸಾಲಲ್ಲಿ ಕೈ ಕಟ್ಟಿ ಕೂತಿರೋ ಯಜಮಾನರೇ, ನಿಮಗೂ ಒಂದು ಮಾತು. "ಆತು ಬಿಡು" ಅನ್ನೋದನ್ನ ಇವತ್ತಿಗೆ ಬಿಡಿ. ನನಗೆ ಪಡ್ಡು ಬೇಕು ಅಂತ ಬಾಯ್ಬಿಟ್ಟು ಹೇಳಿ. ನೀವು ಹೋದ ಮೇಲೆ ಅವರು ಅಟ್ಟ ಹುಡುಕೋ ಹಾಗೆ ಮಾಡಬೇಡಿ.

ಅಟ್ಟದ ಮೇಲೆ ಏನಿದೆ ಅಂತ ನಾಳೆ ಬೆಳಗ್ಗೆ ಹತ್ತಿ ನೋಡಿ. ಇಳಿಸಿ, ತೊಳೆದು, ಒಲೆ ಮೇಲಿಡಿ. ಮೊದಲ ಸಲ ಅಂಟುತ್ತೆ. ಅಂಟಲಿ, ತಿನ್ನೋರು ಎದುರಿಗೇ ಕೂತಿರ್ತಾರೆ.